ತಾರಿ ದಾಟುವುದರೊಳಗೆ

ನನಗೊಂದು ಚಟವಿದೆ. ಯಾರೂ ಕೇಳದಿದ್ದರೂ, ಯಾರಿಗೂ ಅವಸರವಿಲ್ಲದಿದ್ದರೂ, ಮಾಡುವ ಕೆಲಸಕ್ಕೆಲ್ಲ ನಾನೇ ಒಂದು ಗಡುವು ಹಾಕಿಕೊಳ್ಳುತ್ತೇನೆ. ಹಾಲು ಉಕ್ಕುವುದರೊಳಗೆ ಕಾಯಿ ತುರಿದು ಮುಗಿಯಬೇಕು. ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಮುಗಿಯುವುದರೊಳಗೆ ಬಟ್ಟೆ ಹರವಿ ಆಗಬೇಕು. ಆಗದಿದ್ದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಏನೂ ಆಗುವುದಿಲ್ಲ. ಹಾಲು ಉಕ್ಕಿ ಒಲೆ ಹೊಲಸಾಗುತ್ತದೆ, ಅಷ್ಟೆ. ಈ ವಯಸ್ಸಿನಲ್ಲಿ ಅಡುಗೆಮನೆಯಲ್ಲಿ ಒಬ್ಬಳೇ ಏದುಸಿರು ಬಿಡುತ್ತ ಓಡಾಡುವುದನ್ನು ಕಂಡು ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ.

ಇದು ಹತ್ತಿದ್ದು ಭಟ್ಕಳದಲ್ಲಿ, ನಾನಿನ್ನೂ ಲಂಗ ಹಾಕುತ್ತಿದ್ದಾಗ. ನಮ್ಮ ತಂದೆ ಅಲ್ಲಿ ಶಾಲಾ ಮಾಸ್ತರರು. ನಮ್ಮ ಹಿತ್ತಿಲಿಗೂ ನೆರೆಯ ನವಾಯತ ಮುಸ್ಲಿಮರ ಹಿತ್ತಿಲಿಗೂ ನಡುವೆ ಒಂದು ಮುರುಕು ಪಾಗಾರದ ಗೋಡೆ, ಎರಡೂ ಕಡೆ ಮಲ್ಲಿಗೆ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಬೀಬಿ ಎನ್ನುತ್ತಿದ್ದೆವು. ಪಾಗಾರದ ಆಚೆ ಅವಳು, ಈಚೆ ನಾನು, ಕೂತು ಮೊಗ್ಗು ಕಟ್ಟುತ್ತಿದ್ದೆವು. ಅವಳ ಮಾತು ನವಾಯತಿ, ನನ್ನದು ಕನ್ನಡ. ಮುಕ್ಕಾಲು ಪಾಲು ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು, ಉಳಿದದ್ದಕ್ಕೆ ನಗುತ್ತಿದ್ದೆವು. ಶರಾವತಿ ದಂಡೆಯ ಕಾಸರಕೋಡದಿಂದ ಬರುವ ಸಂಜೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುವುದರೊಳಗೆ ನನ್ನ ಮಾಲೆ ಮುಗಿದರೆ ನಾಳೆ ಅಪ್ಪ ಮಗ್ಗಿ ಕೇಳುವುದಿಲ್ಲ, ಮುಗಿಯದಿದ್ದರೆ ಕೇಳುತ್ತಾರೆ. ಹೀಗೊಂದು ಕರಾರು. ಯಾರ ಜೊತೆಗೆ ಎಂದರೆ ಹೇಳಲಾರೆ. ದೇವರ ಜೊತೆಗಂತೂ ಅಲ್ಲ, ನಮ್ಮ ಮನೆಯಲ್ಲಿ ದೇವರ ಜೊತೆ ಅಂಥ ಸಲಿಗೆ ಇರಲಿಲ್ಲ. ಆದರೆ ಎಷ್ಟೋ ಸಲ ಕರಾರು ನಿಜವಾಗುತ್ತಿತ್ತು. ಸುಳ್ಳಾದ ಸಲದ್ದನ್ನು ನಾನು ಮರೆತುಬಿಡುತ್ತಿದ್ದೆ. ಹಾಗಾಗಿ ಅದು ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಮದುವೆಯಾಗಿ ಹೊನ್ನಾವರಕ್ಕೆ ಬಂದೆ. ನಮ್ಮವರು ಹೈಸ್ಕೂಲಿನಲ್ಲಿ ಮಾಸ್ತರರು. ಬಂದರಿಗೆ ಹತ್ತಿರ ಒಂದು ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರು, ಮತ್ತೆ ಅತ್ತೆ. ಅತ್ತೆಯ ಊರು ಕುಮಟೆಯಾಚೆಯ ಹಿರೇಗುತ್ತಿ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಹೊನ್ನಾವರಕ್ಕೆ ಬಂದವರು. ಅಕ್ಷರ ಗೊತ್ತಿರಲಿಲ್ಲ, ಮಾತು ಕಡಿಮೆ. ಹೊಳೆಯನ್ನು ಕಂಡರೆ ಮಾತ್ರ ಅವರಿಗೆ ವಿಪರೀತ ಹೆದರಿಕೆ. ಬಂದರಿನ ಹತ್ತಿರವೇ ಇದ್ದುಕೊಂಡು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ದೋಣಿ ಹತ್ತಿದವರಲ್ಲ. ನಮ್ಮ ಮದುವೆ ಹೊಳೆಯಾಚೆ ಭಟ್ಕಳದಲ್ಲಿ ನಡೆದದ್ದರಿಂದ ಅದಕ್ಕೂ ಅವರು ಬರಲಿಲ್ಲ, ಮನೆಯಲ್ಲೇ ಆರತಿ ಹಿಡಿದುಕೊಂಡು ಕಾದಿದ್ದರು.

ನಾನು ಕತೆ ಬರೆಯುತ್ತೇನೆಂಬುದು ಮದುವೆಯ ಮೊದಲೇ ನಮ್ಮವರಿಗೆ ಗೊತ್ತಿತ್ತು. ಒಂದು ಕತೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನಾವಿಬ್ಬರೂ ಕುಮಟೆಯಲ್ಲಿ, ನೆಂಟರ ಮದುವೆಗೆ ಹೋದಾಗ, ಒಂದು ಅಂಗಡಿಯ ಹಗ್ಗದ ಮೇಲೆ ನೇತುಬಿದ್ದ ಪುರವಣಿಯಲ್ಲಿ ನೋಡಿದೆವು. ಅವರು ಅಂಗಡಿಯವನಿಗೆ, "ಇದು ನಮ್ಮನೆಯವ್ರು ಬರ್ದದ್ದು" ಎಂದರು. ಅಂಗಡಿಯವನು ನನ್ನನ್ನು ಒಮ್ಮೆ, ಪುರವಣಿಯನ್ನು ಒಮ್ಮೆ ನೋಡಿ, "ಹೌದಾ? ಎರಡು ಕೊಡ್ಲೋ?" ಎಂದು ಕೇಳಿದ. ನನ್ನ ಸಾಹಿತ್ಯಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು.

ನನ್ನ ಅಕ್ಷರ ಕಾಗೆಯ ಕಾಲು. ಆದ್ದರಿಂದ ಕತೆಯ ಪ್ರತಿ ಮಾಡುವುದು ನಮ್ಮವರ ಕೆಲಸ. ಶಾಲೆ ಬಿಟ್ಟು ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಡೆಸ್ಕಿಟ್ಟುಕೊಂಡು, ಶಾಯಿಯ ದೌತಿಯಲ್ಲಿ ಟಾಕು ಅದ್ದಿ, ಮುತ್ತಿನಂಥ ಅಕ್ಷರದಲ್ಲಿ ಬರೆಯುವರು. ನಡುನಡುವೆ ನನ್ನ ಅಲ್ಪಪ್ರಾಣಕ್ಕೆ ಮಹಾಪ್ರಾಣ ಕೊಡುವರು. ಆ ವಿಷಯಕ್ಕೆ ನಮ್ಮಲ್ಲಿ ಜಗಳವೂ ಆಗುತ್ತಿತ್ತು. ಪ್ರತಿ ಮುಗಿದ ಮೇಲೆ ಅವರು ಗಟ್ಟಿಯಾಗಿ ಓದಬೇಕು, ನಾನು ಮೂಲವನ್ನು ಹಿಡಿದು ತಾಳೆ ನೋಡಬೇಕು. ಇದು ಪದ್ಧತಿ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಕುಮಟೆಯ ಕಡೆಯಿಂದ ಬಂದವರು ಹೊನ್ನಾವರದಲ್ಲಿ ಬಸ್ಸಿಳಿದು, ಬಂದರಿನಲ್ಲಿ ದೋಣಿಯನ್ನೋ ಲಾಂಚನ್ನೋ ಹತ್ತಿ, ಹೊಳೆ ದಾಟಿ, ಆಚೆ ಕಾಸರಕೋಡದಲ್ಲಿ ಭಟ್ಕಳದ ಬಸ್ಸು ಹಿಡಿಯಬೇಕು. ಈ ದಾಟುವಿಕೆಗೇ ತಾರಿ ಎನ್ನುವುದು. ಒಂದು ಸಂಜೆ ಬಂದರಿಗೆ ಮೀನು ತರಲು ಹೋದಾಗ ಕೊನೆಯ ತಾರಿ ಆಗಲೇ ಹೊರಟುಹೋಗಿತ್ತು. ಒಬ್ಬ ಹುಡುಗಿ, ಹದಿನೈದು ಹದಿನಾರರವಳಿರಬೇಕು, ತಗಡಿನ ಟ್ರಂಕಿನ ಮೇಲೆ ಕೂತು ಹೊಳೆಯನ್ನೇ ನೋಡುತ್ತಿದ್ದಳು. ಮಾತಾಡಿಸಬೇಕೆಂದುಕೊಂಡೆ, ನಾಚಿಕೆಯಾಯಿತು. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು, "ಕರ್ಕೊಂಡು ಬರೂಕಾಗ್ಲಿಲ್ವಾ?" ಎಂದರು. ಮತ್ತೆ ಓಡಿ ಹೋದೆ. ಹುಡುಗಿ ಅಲ್ಲಿರಲಿಲ್ಲ.

ಅವಳು ಎಲ್ಲಿಗೆ ಹೋದಳು, ಯಾರು ಕರೆದುಕೊಂಡರು ಎಂದು ಯೋಚಿಸುತ್ತಲೇ ಕತೆ ಶುರುವಾಯಿತು. ಕಾಯಿಲೆಯ ತಾಯಿಯನ್ನು ನೋಡಲು ಹೊರಟ ಹುಡುಗಿ, ತಪ್ಪಿಹೋದ ತಾರಿ, ಕತ್ತಲೆ, ಹೊಳೆದಂಡೆಯ ಒಂದು ಅಪರಿಚಿತ ಮನೆ. ಹುಡುಗಿ ಬಾಗಿಲು ಬಡಿಯುತ್ತಾಳೆ. ನಡುವಯಸ್ಸಿನ ಒಬ್ಬ ಹೆಂಗಸು ಬಾಗಿಲು ತೆರೆಯುತ್ತಾಳೆ. ಅಲ್ಲಿಯವರೆಗೆ ಕತೆ ನೀರು ಹರಿದ ಹಾಗೆ ಬಂತು. ಅಲ್ಲಿಗೆ ನಿಂತಿತು. ಬಾಗಿಲು ತೆರೆದವಳು ಮಾತಾಡಲಿಲ್ಲ.

ನಾನು ಅವಳಿಂದ "ಯಾರು ನೀನು?" ಎಂದು ಕೇಳಿಸಿದೆ. ಪೊಲೀಸರ ಹಾಗೆ ಕೇಳಿಸಿತು. "ಬಾ, ಒಳಗೆ ಬಾ" ಎನ್ನಿಸಿದೆ. ಅಷ್ಟು ಸುಲಭಕ್ಕೆ ಕರೆದರೆ ಹುಡುಗಿ ಅಷ್ಟೊಂದು ಹೆದರಿದ್ದು ಯಾತಕ್ಕೆ? ಅವಳಿಂದ ಒಂದು ಉದ್ದ ಭಾಷಣ ಮಾಡಿಸಿ, ಮರುದಿನ ಓದಿ, ನನಗೇ ನಗು ಬಂದು ಆ ಹಾಳೆಯನ್ನು ಒಲೆಗೆ ಹಾಕಿದೆ.

ಅಷ್ಟು ಹೊತ್ತಿಗೆ ನಾನು ಗರ್ಭಿಣಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ತಾರಿಯ ಭರವಸೆ ಇಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ತವರಿಗೆ ಹೋಗುವುದೆಂದು ಹಿರಿಯರು ನಿಶ್ಚಯಿಸಿದರು. ಆಗ ನಾನು ಎಂದಿನಂತೆ ಮನಸ್ಸಿನೊಳಗೇ ಒಂದು ಗಡುವು ಹಾಕಿಕೊಂಡೆ. ತಾರಿ ದಾಟುವುದರೊಳಗೆ ಕತೆ ಮುಗಿಯಬೇಕು. ಗಡುವಿನ ಬೆನ್ನಿಗೇ ಕರಾರೂ ಬಂತು. ಮುಗಿದರೆ ಎಲ್ಲ ಸುಸೂತ್ರವಾಗುತ್ತದೆ. ಇನ್ನೊಂದು ಅರ್ಧವನ್ನು ನಾನು ಮನಸ್ಸಿನಲ್ಲಿಯೂ ಉಚ್ಚರಿಸಲಿಲ್ಲ. ಆದರೆ ಕರಾರಿಗೆ ಇನ್ನೊಂದು ಅರ್ಧ ಇದ್ದೇ ಇರುತ್ತದಲ್ಲ.

ಆ ಬೇಸಿಗೆ ಹೇಗೆ ಕಳೆಯಿತೆಂದು ಕೇಳಬೇಡಿ. ಅಕ್ಕಿ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಕೂರುವುದು, ಬೆವರಿಗೆ ಮೊಳಕೈ ಕಾಗದಕ್ಕೆ ಅಂಟಿಕೊಳ್ಳುವುದು, ಎರಡು ಸಾಲು ಬರೆದು ಮೂರು ಸಾಲು ಹೊಡೆದುಹಾಕುವುದು. ಅತ್ತೆ ಒಂದು ದಿನ ಮೊರದಲ್ಲಿ ಅಕ್ಕಿ ಕೇರುತ್ತ ಕೇಳಿದರು.

"ಎಂತ ಆತು ಮಗಾ, ನಿನ್ನ ಕತೆ?"

"ಬಾಗಿಲು ತೆಗ್ದವಳು ಮಾತೇ ಆಡ್ತಿಲ್ಲ ಅತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. "ಮೂಗಿ ಅಂತ ಮಾಡ್ಬಿಡು."

ಜಗಲಿಯಲ್ಲಿದ್ದ ನಮ್ಮವರು ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿಕೆ ಬೆಳೆಯುತ್ತಿತ್ತು. ಹೊರಡುವ ದಿನ ಬೆಳಿಗ್ಗೆಯೂ, ಅತ್ತೆ ನನಗೆ ಹೂ ಮುಡಿಸಲು ಕಾಯುತ್ತಿದ್ದಾಗ, ನಾನು ಅಕ್ಕಿ ಡಬ್ಬಿಯ ಮುಂದೆ ಕೂತಿದ್ದೆ. ಕತೆ ಮುಗಿಯಲಿಲ್ಲ. ಹಾಳೆಗಳನ್ನು ಅಲ್ಲಿಯೇ ಬಿಟ್ಟು ಎದ್ದೆ. ದೋಣಿ ನಡುಹೊಳೆಗೆ ಬಂದಾಗ ನೀರು ಎಷ್ಟು ಶಾಂತವಾಗಿತ್ತೆಂದರೆ ಅಂಬಿಗ ಹುಟ್ಟು ಹಾಕುವುದನ್ನು ಬಿಟ್ಟು ಬೀಡಿ ಹಚ್ಚಿಕೊಂಡ. ನಾನು ಮಾತ್ರ ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು ಕೂತಿದ್ದೆ. ನಮ್ಮವರು, "ತಲೆ ತಿರುಗ್ತದ್ಯಾ?" ಎಂದು ಕೇಳಿದರು. ಇಲ್ಲ ಎಂದೆ.

ಭಟ್ಕಳದಲ್ಲಿ ಒಂದು ಅಕ್ಷರವನ್ನೂ ಬರೆಯಲಿಲ್ಲ. ಆಷಾಢದ ಮಳೆಯಲ್ಲಿ, ಬೆಳಗಿನ ಜಾವ, ಹೆರಿಗೆಯಾಯಿತು. ಹೆಣ್ಣು ಕೂಸು. ನರ್ಸಬಾಯಿ ಅದನ್ನು ನನ್ನ ಪಕ್ಕದಲ್ಲಿ ಮಲಗಿಸಿದಳು. ಅತ್ತಿತು, ಆದರೆ ಬಹಳ ಮೆತ್ತಗೆ. ಕಣ್ಣು ಬಿಟ್ಟು ಒಮ್ಮೆ ನನ್ನ ಕಡೆ ನೋಡಿತು, ಅಥವಾ ನೋಡಿತೆಂದು ನಾನು ತಿಳಿದುಕೊಂಡೆ. ಆಮೇಲೆ ಉಸಿರಾಟ ಸರಿಯಿಲ್ಲವೆಂದು ಅದನ್ನು ಎತ್ತಿಕೊಂಡು ಹೋದರು. ನಡುಮನೆಯಲ್ಲಿ ಪಿಸುಮಾತು, ಅಪ್ಪ ಕೊಡೆ ಹಿಡಿದು ಹೊರಗೆ ಓಡಿದ ಸದ್ದು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸುಮ್ಮನಾಯಿತು. ಸಂಜೆ ಮಳೆ ಬಿಟ್ಟಾಗ ಅಪ್ಪ, ಚಿಕ್ಕಪ್ಪ ಹೊರಗೆ ಹೋಗಿ ಬಂದು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದರು. ನನಗೆ ಯಾರೂ ಏನೂ ಹೇಳಲಿಲ್ಲ. ಬಾವಿಯ ರಾಟೆಯ ಸದ್ದು ಕೇಳಿಯೇ ನನಗೆ ಗೊತ್ತಾದದ್ದು.

ಅಮ್ಮ ಆ ಕೋಣೆಯಿಂದ ಸಣ್ಣ ಬಟ್ಟೆಗಳನ್ನೆಲ್ಲ ತೆಗೆದಳು. ಮಾಡಿಗೆ ಕಟ್ಟಿದ್ದ ತೊಟ್ಟಿಲ ಹಗ್ಗ ಬಿಚ್ಚಿಸಿದಳು. ನಾನು ಬಾಯಿ ತೆರೆದರೆ ಸಾಕು, "ಬಾಣಂತಿ ಅಳೂಕಾಗ, ಕಣ್ಣು ಹೋಗ್ತದೆ" ಎನ್ನುವಳು. ನೋಡಲು ಬಂದವರು, "ನಿಂಗೆಂತ ವಯಸ್ಸಾಗಿದೆ, ಇನ್ನೊಂದಾಗ್ತದೆ" ಎಂದರು. ಬೀಬಿ ಮಾತ್ರ ಹಿತ್ತಿಲ ಬಾಗಿಲಿನಿಂದ ಬಂದು, ಗೋಡೆಗೊರಗಿ ಕೂತು, ಸೆರಗಿನಿಂದ ಕಣ್ಣೊರಸಿಕೊಂಡು, ನವಾಯತಿಯಲ್ಲಿ ಏನೋ ಹೇಳಿದಳು. ಆ ಸಲ ನನಗೆ ಅವಳ ಒಂದು ಮಾತೂ ತಿಳಿಯಲಿಲ್ಲ. ಎಲ್ಲರೂ ಒಳ್ಳೆಯವರೇ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಇಡೀ ಮನೆ ಸೇರಿ, ಆ ಕೂಸು ಬಂದೇ ಇರಲಿಲ್ಲ ಎಂದು ನನ್ನನ್ನು ನಂಬಿಸಲು ನೋಡುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿ ಒಂದೇ ಮಾತನ್ನು ಮನಸ್ಸಿನಲ್ಲಿ ತಿರುವುತ್ತಿದ್ದೆ. ತಾರಿ ದಾಟುವುದರೊಳಗೆ ಮುಗಿಸಲಿಲ್ಲ. ಮುಗಿಸಲಿಲ್ಲ.

ನಮ್ಮವರು ಆಗ ಶಾಲೆಯ ತರಬೇತಿಗೆಂದು ಕುಮಟೆಯಲ್ಲಿದ್ದರು. ಅಪ್ಪ ಕೊಟ್ಟ ತಂತಿ ಹೊನ್ನಾವರದ ಮನೆಗೆ ಹೋಯಿತು. ಅತ್ತೆ ಅದನ್ನು ನೆರೆಯವರಿಂದ ಓದಿಸಿಕೊಂಡರು. ಮಗನಿಗೆ ಹೇಳಿಕಳಿಸಿ ಅವನು ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ.

ತಂತಿ ಮುಟ್ಟಿದ ಮರುದಿನ ಮಧ್ಯಾಹ್ನ ಜೋರು ಮಳೆ. ಹೊರಗೆ ಅಮ್ಮನ ಗಾಬರಿಯ ದನಿ ಕೇಳಿತು. "ಒಬ್ರೇ ಬಂದ್ರಾ? ಈ ಹೊಳೆಯಲ್ಲಿ?" ನಾನು ಎದ್ದು ಕೂತೆ. ಅತ್ತೆ ತಲೆಯಿಂದ ಕಾಲಿನವರೆಗೆ ನೆನೆದು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ತಿಳಿಯಿತು, ಆ ದಿನ ಹೊಳೆ ಕೆಂಪಾಗಿ ಉಕ್ಕುತ್ತಿತ್ತಂತೆ. ಎರಡು ದೋಣಿಯವರು ಬರುವುದಿಲ್ಲ ಎಂದ ಮೇಲೆ ಮೂರನೆಯವನು ಒಪ್ಪಿದನಂತೆ. ಇವರು ದೋಣಿಯ ತಳದಲ್ಲಿ ಕಣ್ಣು ಮುಚ್ಚಿ ಮುದುಡಿ ಕೂತು ದಾಟಿದರಂತೆ.

ಸೀರೆ ಬದಲಿಸಿ ಬಂದು, ನನ್ನ ಚಾಪೆಯ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನನ್ನ ಅಂಗಾಲು ಒತ್ತಿದರು. ಆಮೇಲೆ ಕೇಳಿದರು.

"ಕೂಸು ಯಾರ ಹಾಂಗಿತ್ತು ಮಗಾ?"

ಅಮ್ಮ ಬಾಗಿಲಲ್ಲಿ ನಿಂತವಳು ತಡೆದಳು. "ಈಗ ಅದೆಲ್ಲ ಎಂತಕ್ಕೆ ಬೀಗ್ತಿ? ಅವ್ಳಿಗೆ ಮರ್ತು ಹೋಗ್ಲಿ."

"ಎಂತಕ್ಕೆ ಮರೀಬೇಕು?" ಎಂದರು ಅತ್ತೆ. ಗಟ್ಟಿಯಾಗೇನೂ ಹೇಳಲಿಲ್ಲ. "ನನ್ನ ಮೊಮ್ಮಗಳಲ್ದಾ? ನಾ ನೋಡ್ಲೇ ಇಲ್ಲ. ಇವಳಾದ್ರೂ ನೋಡಿದ್ದಾಳೆ. ಹೇಳ್ಲಿ."

ನಾನು ಹೇಳಿದೆ. ಹಣೆ ನಮ್ಮವರ ಹಾಗೆ ಅಗಲ ಇತ್ತು. ಕಿವಿ ತೀರಾ ಸಣ್ಣದು, ಮಲ್ಲಿಗೆಯ ಎಸಳಿನ ಹಾಗೆ. ತಲೆ ತುಂಬ ಕೂದಲು. ಬಲಗೈಯ ಬೆರಳುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು, ಬಿಡಿಸಲು ಹೋದರೆ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ಅಮ್ಮನೂ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಕೂಸು ಹೋದ ಮೇಲೆ ಅಮ್ಮ ಅತ್ತದ್ದನ್ನು ನಾನು ಕಂಡದ್ದು ಆಗಲೇ. ಅತ್ತೆ ನಡುನಡುವೆ, "ಕೂದಲು ಕಪ್ಪೋ, ಕೆಂಚೋ?" ಎಂದು ಕೇಳುತ್ತ, ಒಂದೊಂದನ್ನೂ ತಲೆದೂಗಿ ಒಪ್ಪಿಕೊಂಡರು.

ಅಮ್ಮ ಎದ್ದು ಒಳಗೆ ಹೋದ ಮೇಲೆ, ಯಾರಿಗೂ ಹೇಳದ ಮಾತನ್ನು ಅವರಿಗೆ ಹೇಳಿದೆ.

"ನಾ ಕತೆ ಮುಗಿಸ್ಲಿಲ್ಲ ಅತ್ತೆ. ತಾರಿ ದಾಟೂದ್ರೊಳಗೆ ಮುಗಿಸ್ತೆ ಅಂದ್ಕೊಂಡಿದ್ದೆ. ಮುಗಿದ್ರೆ ಎಲ್ಲ ಸರಿ ಆಗ್ತದೆ ಅಂತ. ಅದ್ಕೇ ಹೀಂಗಾಯ್ತು."

ನಗುತ್ತಾರೇನೋ, ಬೈಯುತ್ತಾರೇನೋ ಎಂದುಕೊಂಡೆ.

"ದತ್ತನ ಮೇಲೆ ನಂಗೊಂದು ಕೂಸು ಆಗಿತ್ತು" ಎಂದರು. ದತ್ತ ಎಂದರೆ ನಮ್ಮವರು. "ಹಿರೇಗುತ್ತಿಯಲ್ಲಿ. ಅದೂ ಹೆಣ್ಣೇ. ನಂಗೆ ಮುಖ ತೋರಿಸ್ಲೂ ಇಲ್ಲ. ತಕ್ಕೊಂಡು ಹೋದ್ರು. ಯಾರ ಹಾಂಗಿತ್ತು ಅಂತ ಕೇಳಿದ್ರೆ ಯಾರೂ ಹೇಳ್ಲಿಲ್ಲ. ಇಷ್ಟು ವರ್ಷ ಆತು, ಈಗ್ಲೂ ಗೊತ್ತಿಲ್ಲ." ನನ್ನ ಹೊದಿಕೆ ಸರಿಮಾಡಿದರು. "ನೀ ಕತೆ ಮುಗಿಸ್ಲಿಲ್ಲ ಅಂತ ನಿನ್ನ ಕೂಸು ಹೋಯ್ತು ಅಂತಿ. ನಾ ಎಂತ ಬರೀತಿದ್ದೆ ಮಗಾ? ನಂಗೆ ಅಕ್ಷರವೇ ಬರೂದಿಲ್ಲ. ನನ್ನದು ಎಂತಕ್ಕೆ ಹೋಯ್ತು?"

ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಅವರು ಮತ್ತೆ ನನ್ನ ಅಂಗಾಲು ಒತ್ತತೊಡಗಿದರು. ನಾನು ಮಲಗಿದೆ. ಕೂಸು ಹೋದ ಮೇಲೆ ಮೊದಲ ಸಲ ನಿದ್ದೆ ಬಂತು.

ನಮ್ಮವರು ಅದರ ಮರುದಿನ ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ಚಾಪೆಯ ತುದಿಯಲ್ಲಿ ಕೂತರು. ಅವರು ಮಾತಾಡದೆ ಹಲವು ತಿಂಗಳಾದವು ಎಂದೇ ಹೇಳಬೇಕು. ಊಟಕ್ಕೆ, ಬಟ್ಟೆಗೆ, ಶಾಲೆಗೆ ಬೇಕಾದ ಮಾತು ಆಡುತ್ತಿದ್ದರು. ಕೂಸಿನ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ನಾನೂ ಕೆದಕಲಿಲ್ಲ.

ಮಳೆ ನಿಂತು, ಹೊಳೆ ತಿಳಿಯಾದ ಮೇಲೆ ನಾನು ಹೊನ್ನಾವರಕ್ಕೆ ಮರಳಿದೆ. ಕತೆಯ ಹೆಸರೆತ್ತಲಿಲ್ಲ. ಅಕ್ಕಿ ಡಬ್ಬಿಯಿಂದ ಅಕ್ಕಿ ತೆಗೆಯುವಾಗಲೂ ಮುಖ ಆಚೆ ತಿರುಗಿಸುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಅತ್ತೆ ಆ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಒರಲೆ, ಗೆದ್ದಲು ಹತ್ತದಂತೆ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ, ಇಟ್ಟಿದ್ದರಂತೆ. ಹಾಳೆಗಳು ಹಳದಿಯಾಗಿ ಹೊಗೆಯ ವಾಸನೆ ಹೊಡೆಯುತ್ತಿದ್ದವು.

"ಬ್ಯಾಡ ಅತ್ತೆ" ಎಂದೆ. ದನಿ ಏರಿತು. ಅವರ ಎದುರು ನಾನು ದನಿ ಏರಿಸಿದ್ದು ಅದೊಂದೇ ಸಲ. "ನಂಗೆ ಅದು ಬ್ಯಾಡ. ಒಲೆಗೆ ಹಾಕಿ."

"ಹಾಕುದಾದ್ರೆ ನೀನೇ ಹಾಕು" ಎಂದರು ಅವರು, ಸಿಟ್ಟಿಲ್ಲದೆ. "ಆದ್ರೆ ಆ ಕೂಸು ಕತ್ತಲೆಯಲ್ಲಿ ಬಾಗಿಲ ಹೊರಗೇ ನಿಂತದೆ ಅಂತಿದ್ಯಲ್ಲ. ಮಳೆಗಾಲ ಪೂರ್ತಿ ಹೊರಗೇ ಆತು. ಇನ್ನೆಷ್ಟು ದಿನ ನಿಲ್ಲಿಸ್ತಿ ಅದ್ನ?"

ಹೇಳಿ ಅವರು ಹಿತ್ತಿಲಿಗೆ ಹೋದರು. ನಾನು ಹಾಳೆಗಳನ್ನು ಎತ್ತಿಕೊಂಡು ಒಲೆಯ ಹತ್ತಿರ ಹೋದೆ. ಅಲ್ಲೇ ನಿಂತು ಒಮ್ಮೆ ಓದಿದೆ. ಕೂತು ಇನ್ನೊಮ್ಮೆ ಓದಿದೆ. ಆ ಸಲ ನಾನು ಗಡುವು ಹಾಕಿಕೊಳ್ಳಲಿಲ್ಲ. ಯಾರ ಜೊತೆಗೂ ಕರಾರು ಮಾಡಲಿಲ್ಲ. ಅನ್ನ ಬೆಂದಾಗ ಎದ್ದು ಬಸಿಯುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಬಾಗಿಲು ತೆರೆದವಳ ಮಾತು ತಾನಾಗಿ ಬಂತು. ಅವಳು ಊರು ಕೇಳಲಿಲ್ಲ, ಮನೆ ಕೇಳಲಿಲ್ಲ, ಇಷ್ಟು ಹೊತ್ತಿನಲ್ಲಿ ಯಾಕೆ ಬಂದೆ ಎಂದೂ ಕೇಳಲಿಲ್ಲ. ದೀಪ ಸ್ವಲ್ಪ ಮೇಲೆತ್ತಿ ಹುಡುಗಿಯ ಮುಖ ನೋಡಿ, ನಿನ್ನ ಹೆಸರೆಂತ ಮಗಾ, ಎಂದಳು. ಹುಡುಗಿ ಹೆಸರು ಹೇಳಿದಳು. ಅಲ್ಲಿಂದ ಮುಂದಕ್ಕೆ ಕತೆಗೆ ತೊಡಕಾಗಲಿಲ್ಲ.

ಕತೆ ಮುಂದೆ ಅಚ್ಚೂ ಆಯಿತು. ಓದಿದವರು ಹೆಚ್ಚೇನೂ ಹೇಳಲಿಲ್ಲ. ನನಗೆ ನೆನಪಿರುವುದು ಅದರ ಪ್ರತಿ ಮಾಡಿದ ಸಂಜೆ.

ನಮ್ಮವರು ಜಗಲಿಯಲ್ಲಿ ಡೆಸ್ಕಿನ ಮುಂದೆ ಕೂತಿದ್ದರು. ಅತ್ತೆ ಮೆಟ್ಟಿಲ ಮೇಲೆ ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು. ನಾನು ಒಳಗೆ ಕಂದೀಲಿನ ಗಾಜು ಒರೆಸುತ್ತಿದ್ದೆ. ಟಾಕಿನ ಸದ್ದು ನಿಂತಿತು. ಇಣುಕಿ ನೋಡಿದೆ. ಅವರು ನನ್ನ ಹಾಳೆಯ ಮೇಲೆ ಬೆರಳಿಟ್ಟು ಹಾಗೆಯೇ ಕೂತಿದ್ದರು. ಆಮೇಲೆ ಎದ್ದು ಅಂಗಳಕ್ಕಿಳಿದು, ಬೇಲಿಯವರೆಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತರು.

"ಎಂತ ಆತೋ?" ಎಂದು ಅತ್ತೆ ಕೇಳಿದರು.

"ಶಾಯಿ ಖಾಲಿ ಆಯ್ತು ಅವ್ವಾ" ಎಂದರು. ದೌತಿ ಅರ್ಧ ತುಂಬಿಯೇ ಇತ್ತು.

ಬಹಳ ಹೊತ್ತಿನ ಮೇಲೆ ಬಂದು ಕೂತರು. ನನ್ನ ಕಡೆ ನೋಡದೆಯೇ, "ಈ ಹೆಸ್ರು ಇರ್ಲೋ?" ಎಂದು ಕೇಳಿದರು.

"ಇರ್ಲಿ" ಎಂದೆ.

"ಆತು" ಎಂದು ಟಾಕು ಅದ್ದಿದರು.

ಕೂಸು ಹೊಟ್ಟೆಯಲ್ಲಿದ್ದಾಗ, ಹೆಣ್ಣಾದರೆ ಇಡೋಣವೆಂದು ನಾವಿಬ್ಬರೇ ಮಾತಾಡಿಕೊಂಡು ಇಟ್ಟುಕೊಂಡ ಹೆಸರು ಅದು. ಅತ್ತೆಗೂ ಹೇಳಿರಲಿಲ್ಲ, ನನ್ನ ತವರಿಗೂ ಹೇಳಿರಲಿಲ್ಲ. ಕೂಸನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ.

ಪ್ರತಿ ಮುಗಿದು, ಪದ್ಧತಿಯಂತೆ ಅವರು ಓದತೊಡಗಿದರು. ನಾನು ಮೂಲ ಹಿಡಿದು ಕೂತೆ. ತಾರಿ ತಪ್ಪಿತು, ಕತ್ತಲಾಯಿತು, ಬಾಗಿಲು ತೆರೆಯಿತು. ಮಾಸ್ತರಿಕೆಯ ಆ ಗಟ್ಟಿ ದನಿ ಆ ಸಾಲಿಗೆ ಬಂದಾಗ ಸ್ವಲ್ಪ ಇಳಿಯಿತು. ಆದರೆ ನಿಲ್ಲಲಿಲ್ಲ.

"ಹುಡುಗಿ ತಲೆಯೆತ್ತಿ, ನಳಿನಿ, ಎಂದಳು."

ಅತ್ತೆಯ ಕತ್ತಿ ಗರಿಯ ಮೇಲೆಯೇ ತಡೆಯಿತು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಮಡಿಲಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರಸಿಕೊಂಡರು.

"ದತ್ತಾ," ಎಂದರು, "ಆ ಹೆಸ್ರು ಇದ್ದ ಜಾಗ ಇನ್ನೊಂದ್ಸಲ ಓದೋ."

ಅವರು ಓದಿದರು.